ದಿನಕ್ಕೆ ಎಪ್ಪತ್ತೈದು ಗ್ಯಾಲನ್

ಕೇದಾರನ ಆ ಭಾನುವಾರದ ಫಜೀತಿಗೆಲ್ಲ ಮೂಲ ಅಂಗೈ ಅಗಲದ ಒಂದು ಚೀಟಿ. ನೀರು ಶುದ್ಧ ಮಾಡುವ ಯಂತ್ರದ ಹೊಟ್ಟೆಯ ಮೇಲೆ ಅದನ್ನು ಅಂಟಿಸಿದ್ದರು. ದಪ್ಪ ಅಕ್ಷರದಲ್ಲಿ, ದಿನಕ್ಕೆ ಎಪ್ಪತ್ತೈದು ಗ್ಯಾಲನ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರಗಳೂ ಇದ್ದವು. ಕೇದಾರ ದಪ್ಪದ್ದನ್ನು ಓದಿದ, ಸಣ್ಣದನ್ನು ಬಿಟ್ಟ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಪಾಪ ಅನ್ನಬಹುದಿತ್ತು. ಆದರೆ ಈ ಮಹಾನುಭಾವ ಹಾಸನದ ಬ್ಯಾಂಕೊಂದರಲ್ಲಿ ಸಾಲದ ವಿಭಾಗದ ಗುಮಾಸ್ತ. "ಮೇಲ್ಗಡೆ ಬಡ್ಡಿ ನೋಡಿ ಖುಷಿಪಡಬೇಡಿ ಯಜಮಾನ್ರೇ, ಕೆಳಗಡೆ ಷರತ್ತು ಓದಿ" ಎಂದು ದಿನಾ ಬೆಳಗಾದರೆ ಊರಿಗೆಲ್ಲ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವವನು. ಅವನ ಮೇಲೆ ನನಗೇನೂ ಕನಿಕರವಿಲ್ಲ. ನಡೆದದ್ದನ್ನು ಹೇಳುತ್ತೇನೆ, ನಿಮಗೆ ಕನಿಕರ ಬಂದರೆ ಪಡಿ.

ಯಂತ್ರ ಅವನದಲ್ಲ, ಅವನ ಮ್ಯಾನೇಜರ್ ಪಾಲಾಕ್ಷ ಅವರದು. ಪಾಲಾಕ್ಷ ಅವರು ಮಂಗಳೂರಿನ ಭಾವಮೈದುನನ ಮನೆಗೆ ಹೋಗಿ ಬರುವಾಗ ಮೀನಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಸಾಲಗಾಮೆ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿದ್ದ ಅವರ ಮನೆಯ ಹಾಲಿನಲ್ಲಿ ಉದ್ದನೆಯದೊಂದು ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಕಲ್ಲಿನ ಮೇಲೆ ಬೆಳೆಯುವ ಜೀವಂತ ಹವಳ, ಕಿತ್ತಳೆ ಬಣ್ಣದ ಎರಡು ಮೀನು. ಸಮುದ್ರವನ್ನೇ ತಂದು ಹಾಸನದಲ್ಲಿ ಇಟ್ಟುಕೊಂಡಿದ್ದೇನೆ ಎಂದು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಸಮುದ್ರ ಇಟ್ಟುಕೊಳ್ಳುವುದೇನು ಸುಲಭವೇ? ಆ ಹವಳಕ್ಕೆ ಬೋರ್‌ವೆಲ್ ನೀರು ಆಗದು, ನಲ್ಲಿ ನೀರು ಆಗದು. ಯಂತ್ರದಲ್ಲಿ ಸೋಸಿ, ಉಪ್ಪು ಸುಣ್ಣ ಏನೇನೂ ಉಳಿಯದ ಬರಿಯ ನೀರು ಮಾಡಿಕೊಂಡು, ಅದಕ್ಕೆ ಡಬ್ಬದಲ್ಲಿ ಬರುವ ಸಮುದ್ರದ ಉಪ್ಪು ಕದಡಿ ಹಾಕಬೇಕು. ಹಿಂದೊಮ್ಮೆ ಅವಸರಕ್ಕೆ ಅಂಗಡಿಯಿಂದ ಕುಡಿಯುವ ನೀರಿನ ಕ್ಯಾನು ತರಿಸಿ ಸುರಿದಾಗ ಅರ್ಧ ಹವಳ ಬಿಳಿಚಿಕೊಂಡು ಸತ್ತಿತ್ತಂತೆ. ಅಂದಿನಿಂದ ಆ ಮನೆಯಲ್ಲಿ ಕ್ಯಾನಿನ ಹೆಸರು ಎತ್ತುವಂತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ, ಒಂದು ಬುಧವಾರ, ಪಾಲಾಕ್ಷ ಅವರು ಸಂಸಾರ ಸಮೇತ ಧರ್ಮಸ್ಥಳ ಸುಬ್ರಹ್ಮಣ್ಯಕ್ಕೆ ಹೊರಟರು. ಹೊರಡುವ ಮೊದಲು ಕೇದಾರನನ್ನು ತಮ್ಮ ಕೋಣೆಗೆ ಕರೆದು ಮನೆಯ ಬೀಗದ ಕೈ ಕೊಟ್ಟರು.

"ನೋಡಿ ಕೇದಾರ್, ತೊಟ್ಟಿಯಿಂದ ನೂರು ಲೀಟ್ರು ಹಳೇ ನೀರು ತೆಗೆದು ಹೊಸದು ತುಂಬ್ಬೇಕು. ಇವತ್ತೇ ಮಿಷೀನ್ ಹಚ್ಬುಡಿ, ಅದರ ಪಾಡಿಗೆ ಅದು ತುಂಬ್ತಾ ಇರ್ತದೆ. ಭಾನ್ವಾರ ರಾತ್ರಿ ಊಟದ ಒತ್ಗೆ ನಾನು ಬತ್ತೀನಿ. ಆಮೇಲೆ ಆ ರಾಮನಾಥಪುರದ ವಿಷ್ಯ ಇದೆಯಲ್ಲ, ಯಾರು ಅಂತ ಬಂದ್ಮೇಲೆ ತೀರ್ಮಾನ ಮಾಡ್ತೀನಿ."

ಕೇದಾರನಿಗೆ ನಾಟಿದ್ದು ಈ ಕೊನೆಯ ಮಾತು. ಬ್ಯಾಂಕು ರಾಮನಾಥಪುರದಲ್ಲಿ, ಹೊಗೆಸೊಪ್ಪಿನ ಹರಾಜು ನಡೆಯುವ ಕಡೆ, ಹೊಸ ಶಾಖೆ ತೆರೆಯುವುದರಲ್ಲಿತ್ತು. ಹಾಸನದಿಂದ ಒಬ್ಬ ಗುಮಾಸ್ತ ಅಲ್ಲಿಗೆ ಹೋಗಬೇಕು. ಕೇದಾರ, ಇಲ್ಲವೇ ಅವನ ಪಕ್ಕದ ಮೇಜಿನ ಜಯಂತ್. ಇಬ್ಬರಲ್ಲಿ ಒಬ್ಬರು.

ಕೇದಾರ ಆರು ವರ್ಷ ಚನ್ನರಾಯಪಟ್ಟಣದ ಶಾಖೆಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದವನು. ಸೀಟು ಸಿಕ್ಕಿದ ದಿನ ವಾಂತಿ, ಸಿಗದ ದಿನ ಮಂಡಿನೋವು. ಯಾರ್ಯಾರದೋ ಕೈಕಾಲು ಹಿಡಿದು ಹಾಸನಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಶ್ರೀಗೌರಿ ಹಾಸನದಲ್ಲೇ ಹೈಸ್ಕೂಲು ಮೇಡಂ. ರಾಮನಾಥಪುರದ ಸುದ್ದಿ ಕೇಳಿದ ಕೂಡಲೇ ಅವಳು, "ನಾನಂತೂ ಬರೋದಿಲ್ಲ. ನೀವುಂಟು, ಕಾವೇರಿ ಉಂಟು, ಆ ಹೊಗೆಸೊಪ್ಪಿನ ಘಾಟುಂಟು" ಎಂದು ಹೇಳಿ ಮುಗಿಸಿಬಿಟ್ಟಿದ್ದಳು. ಜಯಂತನೋ ಬಲು ಚಾಲಾಕಿ. ತೊಟ್ಟಿ ನೋಡಿಕೊಳ್ಳಲು ಸಾಹೇಬರು ಅವನನ್ನೇ ಮೊದಲು ಕೇಳಿದಾಗ, ಮೀನಿನ ವಾಸನೆಗೆ ತನಗೆ ತಲೆ ಸುತ್ತುತ್ತದೆ ಎಂದು ಜಾರಿಕೊಂಡಿದ್ದ. ದಡ್ಡ, ಒಳ್ಳೆ ಅವಕಾಶ ಕಳೆದುಕೊಂಡ ಎಂದು ಕೇದಾರ ಒಳಗೊಳಗೇ ನಕ್ಕಿದ್ದ. ತೊಟ್ಟಿ ಚೆನ್ನಾಗಿದ್ದರೆ ತಾನು ಹಾಸನದಲ್ಲಿ, ಜಯಂತ ರಾಮನಾಥಪುರದಲ್ಲಿ. ಲೆಕ್ಕ ಇಷ್ಟೇ.

ಲೆಕ್ಕದ ಮನುಷ್ಯ ಬುಧವಾರ ಸಂಜೆ ಯಂತ್ರದ ಚೀಟಿ ನೋಡಿದ. ಎಪ್ಪತ್ತೈದು ಗ್ಯಾಲನ್ ಎಂದರೆ ಹತ್ತಿರ ಹತ್ತಿರ ಇನ್ನೂರ ಎಂಬತ್ತು ಲೀಟರ್. ಬಡ್ಡಿ ಬಿಡಿಸುವ ಹಾಗೆ ಭಾಗಿಸಿ ಗಂಟೆಗೆ ಇಷ್ಟು ಎಂದು ತೆಗೆದ. ನೂರು ಲೀಟರಿಗೆ ಒಂದು ಹಗಲು ಸಾಕು, ಇನ್ನೂ ಮಿಗುತ್ತದೆ. ಮತ್ತೆ ಇವತ್ತಿನಿಂದ ಯಾಕೆ ಹಚ್ಚಬೇಕು? ಭಾನುವಾರ ಬೆಳಿಗ್ಗೆ ಹಚ್ಚಿದರೆ ತಾಜಾ ನೀರು. ಹೀಗೆ ತೀರ್ಮಾನಿಸಿ, ದಿನಾ ಸಂಜೆ ಬಂದು ಮೀನಿಗೊಂದು ಚಿಟಿಕೆ ಆಹಾರ ಹಾಕಿ, ಟಿವಿ ನೋಡಿ, ಬೀಗ ಹಾಕಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬಂದು, ಹಿತ್ತಲಿನಲ್ಲಿದ್ದ ಯಂತ್ರಕ್ಕೆ ನಲ್ಲಿ ತಿರುಗಿಸಿದ. ಯಂತ್ರದಿಂದ ಎರಡು ಸಣ್ಣ ಪೈಪು ಹೊರಗೆ ಬರುತ್ತವೆ. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಕೊಳೆ ಸೇರಿಸಿಕೊಂಡು ಹೊರಗೆ ಹೋಗುವ ನೀರು. ಕೊಳೆಯ ಪೈಪು ಸಣ್ಣಗೆ ಹರಿಯಿತು. ಶುದ್ಧದ ಪೈಪಿನ ತುದಿಯಲ್ಲಿ ಒಂದು ಹನಿ ಮೂಡಿತು. ಅದು ಬೀಳಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಬಿತ್ತು. ಆಮೇಲೆ ಇನ್ನೊಂದು ಹನಿ ಯೋಚನೆಗೆ ಕೂತಿತು.

ಮೊದಮೊದಲು ಹೀಗೇ ಇರಬಹುದು ಎಂದು ಕೇದಾರ ಪೇಪರ್ ಓದಿದ. ಪೇಪರ್ ಮುಗಿದಾಗ ನೂರು ಲೀಟರಿನ ಡ್ರಮ್ಮಿನ ತಳ ಒದ್ದೆಯಾಗಿತ್ತು, ಅಷ್ಟೆ. ಮಂಡಿಯೂರಿ ಕೂತು ಆ ಇರುವೆ ಸಾಲನ್ನು ಈಗ ಓದಿದ. ಮೇಲೆ ಹೇಳಿದ ಪ್ರಮಾಣ ನೀರಿನ ಒತ್ತಡ ಅರವತ್ತು ಪೌಂಡು, ನೀರಿನ ಬಿಸಿ ಇಪ್ಪತ್ತೈದು ಡಿಗ್ರಿ ಇದ್ದಾಗ ಮಾತ್ರ ಎಂದಿತ್ತು. ಯಂತ್ರಕ್ಕೇ ಒತ್ತಡ ತೋರಿಸುವ ಒಂದು ಗಡಿಯಾರವಿತ್ತು. ಅದರ ಮುಳ್ಳು ಐದರ ಹತ್ತಿರ ಮಲಗಿತ್ತು. ಮಾಳಿಗೆ ಮೇಲಿನ ತೊಟ್ಟಿಯಿಂದ ಇಳಿದು ಬರುವ ನೀರಿಗೆ ಅಷ್ಟೇ ಕಸುವು. ಬಿಸಿಯ ಮಾತೋ, ಹಾಸನದ ಜನವರಿ ನೀರಿನಲ್ಲಿ ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ನಾಲ್ಕು ದಿನ ಹಗಲೂ ರಾತ್ರಿ ಹಚ್ಚಿದ್ದರೆ ಹನಿ ಹನಿಯಾಗಿ ನೂರು ಲೀಟರ್ ಆಗುತ್ತಿತ್ತು. ಸಾಹೇಬರು ಬುಧವಾರವೇ ಹಚ್ಚಿ ಎಂದದ್ದು ಸುಮ್ಮನೆ ಅಲ್ಲ.

ಹೆಂಡತಿಗೆ ಫೋನು ಮಾಡಿದ. ಶ್ರೀಗೌರಿ ಎಲ್ಲವನ್ನೂ ಕೇಳಿ, "ಕೆಳಗಡೆ ಷರತ್ತು ಓದ್ಲಿಲ್ವಾ?" ಎಂದು ಒಂದೇ ಪ್ರಶ್ನೆ ಹಾಕಿದಳು. ಉತ್ತರಕ್ಕೆ ಕಾಯದೆ ಫೋನು ಇಟ್ಟಳು.

"ಏನ್ ಸಾ, ಬೆಳಿಗ್ಗೆಯಿಂದ ಅದ್ರ ಮುಂದೆ ಕುಂತಿದೀರಾ, ಕೋಳಿ ಮೊಟ್ಟೆ ಇಕ್ಕೋದ ಕಾಯೋರಂಗೆ?"

ಕಾಂಪೌಂಡಿನ ಆಚೆಯಿಂದ ಕೇಳಿದವನು ಪಕ್ಕದ ಮನೆಯ ಪುಟ್ಟರಾಜು. ಅರಕಲಗೂಡಿನ ಕಡೆಯವನು. ಅಲ್ಲಿ ಇಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತ ಹಾಸನದಲ್ಲಿ ಮನೆ ಕಟ್ಟಿದವನು. ಬೇರೆಯವರ ಕಷ್ಟ ಎಂದರೆ ಅವನಿಗೆ ಎಲ್ಲಿಲ್ಲದ ಉತ್ಸಾಹ. ಕೇದಾರ ಹೇಳಿಕೊಂಡದ್ದೇ ತಡ, ಗೋಡೆ ಹಾರಿ ಈಚೆ ಬಂದು ಯಂತ್ರವನ್ನು ಸುತ್ತ ನೋಡಿದ.

"ಅಂದ್ರೆ ಇದ್ಕೆ ನೀರ್ನ ಜೋರಾಗಿ ನೂಕಬೇಕು. ಅಷ್ಟೇ ತಾನೇ? ನಮ್ಮನೇಲಿ ಶುಂಠಿಗೆ ಔಷ್ದಿ ಹೊಡೆಯೋ ಕಾಲು ಪಂಪು ಅದೆ. ತುಳಿದ್ರೆ ಎಲ್ಲೀಗಾದ್ರೂ ನೂಕ್ತದೆ."

"ಔಷಧಿ ಪಂಪೇ? ಮೀನು ಸತ್ತುಹೋಗುತ್ತೆ ಪುಟ್ಟರಾಜು. ಮೀನು ಸತ್ರೆ ನಾನೂ ಸತ್ತ ಹಾಗೆ."

"ಹೊಸಾದು ಸಾ. ನೆನ್ನೆ ತಂದಿರೋದು. ಇನ್ನೂ ಒಂದ್ ತೊಟ್ಟು ಔಷ್ದಿ ಕಂಡಿಲ್ಲ ಅದು."

ಕೇದಾರನಿಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ಸೇರಿ ಪಂಪನ್ನು ಎತ್ತಿಕೊಂಡು ಬರುವಷ್ಟರಲ್ಲಿ ಪುಟ್ಟರಾಜುವಿನ ತಾಯಿ ದೊಡ್ಡತಾಯಮ್ಮ ಬಾಗಿಲಿಗೆ ಅಡ್ಡ ನಿಂತರು.

"ಪೂಜೆ ಆಗದೇ ಇರೋ ಸಾಮಾನ ಎಲ್ಗೆ ತಗಂಡೋಯ್ತಿದೀಯ್ಲಾ? ನಾಳೀಕೆ ಸೋಮವಾರ, ಪೂಜೆ ಮಾಡಿ ಹೊಲಕ್ಕೆ ತಗಂಡೋಗು ಅಂದಿರ್ನಿಲ್ವಾ?"

"ಅವ್ವ, ಇವ್ರು ಬ್ಯಾಂಕ್ನೋರು. ಅರ್ಜೆಂಟು."

"ಬ್ಯಾಂಕ್ನೋರಾದ್ರೇನು, ಕಬ್ಬಿಣ ಕಬ್ಬಿಣನೇ. ಕಾಲ್ಮ್ಯಾಲೆ ಬಿದ್ರೆ ಬ್ಯಾಂಕು ಬಂದದಾ?"

ಪಂಪನ್ನು ಮಣೆಯ ಮೇಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದರು. ಕೇದಾರ ಕೈಮುಗಿದುಕೊಂಡು ನಿಂತಿದ್ದವನು, ಅರಿಶಿನದ ಕೈ ಪಂಪಿನ ಬಾಯಿಯ ಹತ್ತಿರ ಹೋದಾಗಲೆಲ್ಲ ಹೌಹಾರಿ ಅಡ್ಡ ಬಂದು, "ಅಲ್ಲಿ ಬೇಡಮ್ಮ, ಹಿಡಿಗೆ ಹಚ್ಚಿ, ಹಿಡಿಗೆ ಹಚ್ಚಿ" ಎನ್ನುತ್ತಿದ್ದ. ದೇವರೆಂದರೆ ಇಷ್ಟು ಅಸಡ್ಡೆಯ ಬ್ರಾಹ್ಮಣನನ್ನು ದೊಡ್ಡತಾಯಮ್ಮ ನೋಡಿರಲಿಲ್ಲ.

ಅಂತೂ ಪಂಪಿನ ಕೊಳವೆಯನ್ನು ಯಂತ್ರದ ಮೂತಿಗೆ ಸಿಕ್ಕಿಸಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದದ್ದಾಯಿತು. ದೊಡ್ಡತಾಯಮ್ಮ ಸ್ನಾನದ ಹಂಡೆಯಿಂದ ಬಿಸಿನೀರು ತಂದು, ಪಂಪು ನೀರು ಹೀರುವ ಬಕೆಟ್ಟಿನ ತಣ್ಣೀರಿಗೆ ಬೆರೆಸಿ, ಮೊಣಕೈ ಅದ್ದಿ ನೋಡಿ, "ಎಷ್ಟು ಬೆಚ್ಚಗಿರಬೇಕಪ್ಪ ನಿಂಗೆ? ಬಾಣ್ತಿಗೆ ಹುಯ್ಯೋವಂಗಾ?" ಎಂದು ಕೇಳಿದರು. "ಬರೀ ಚಳಿ ಬಿಡಿಸಿದ್ರೆ ಸಾಕಮ್ಮ" ಎಂದ ಕೇದಾರ.

ಕೇದಾರ ಪಂಪಿನ ಹಲಗೆ ಮೇಲೆ ಕಾಲಿಟ್ಟು ತುಳಿಯತೊಡಗಿದ. ಮುಳ್ಳು ಎದ್ದಿತು. ಹತ್ತು, ಇಪ್ಪತ್ತು, ನಲವತ್ತು. ಪೈಪಿನ ತುದಿಯಲ್ಲಿ ಯೋಚನೆ ಮಾಡುತ್ತಿದ್ದ ಹನಿ ಯೋಚನೆ ಬಿಟ್ಟು ದಾರವಾಯಿತು. ಅರವತ್ತಕ್ಕೆ ಮುಳ್ಳು ಬಂದಾಗ ನೀರು ಡ್ರಮ್ಮಿನೊಳಗೆ ಸದ್ದು ಮಾಡುತ್ತ ಬೀಳತೊಡಗಿತು. ಕೊಳೆಯ ಪೈಪನ್ನು ಪುಟ್ಟರಾಜು ತಮ್ಮ ಕರಿಬೇವಿನ ಗಿಡದ ಬುಡಕ್ಕೆ ಬಿಟ್ಟ.

ಎದುರು ಮನೆಯ ಕಾಂತರಾಜುಗೆ ಈ ಸದ್ದು ಕೇಳಿಸದೇ ಇದ್ದೀತೇ? ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮನುಷ್ಯ, ಭಾನುವಾರ ಬಂದರೆ ಹೊತ್ತು ಹೋಗದು. ಕುರ್ಚಿ ತಂದು ಗಡಿಯಾರದ ಎದುರಿಗೆ ಹಾಕಿಕೊಂಡು ಕೂತು ಮುಳ್ಳಿನ ಉಸ್ತುವಾರಿ ವಹಿಸಿಕೊಂಡ. "ಐವತ್ತಾಯ್ತು, ಬೀಳ್ತಾ ಅದೆ. ತುಳೀರಿ ಸಾ. ಹಾಂ, ಐವತ್ತೆಂಟು. ಈಗ ಸರಿ. ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ" ಎಂದು ಕೂತಲ್ಲಿಂದಲೇ ಬೆವರಿದ.

ಮೊದಲ ಸರದಿ ಪೂರ್ತಿ ಕೇದಾರನದೇ. ಬ್ಯಾಂಕಿನ ಕುರ್ಚಿಯಲ್ಲಿ ಕೂತು ಬೆಳೆದ ತೊಡೆಗಳು, ಸ್ವಲ್ಪ ಹೊತ್ತಿಗೆ ಯಾರದೋ ತೊಡೆಗಳ ಹಾಗೆ ನಡುಗತೊಡಗಿದವು. ಪುಟ್ಟರಾಜು ಅವನ ತೋಳು ಹಿಡಿದು ಕೆಳಗಿಳಿಸಿದ. "ನೀವು ಮನೀಗೋಗಿ ಉಂಡ್ಬುಟ್ಟು ಬನ್ನಿ ಸಾ. ನಾವ್ ಇಲ್ವಾ? ಶುಂಠಿ ಹೊಲ್ದಲ್ಲಿ ದಿನಗಟ್ಲೆ ತುಳಿಯೋರು ನಾವು."

ಡ್ರಮ್ಮು ಕಾಲುಭಾಗ ತುಂಬಿತ್ತು. ಕೇದಾರ ಮನೆಗೆ ಹೋಗಿ, ಶ್ರೀಗೌರಿ ಬಡಿಸಿದ್ದನ್ನು ಉಂಡು, ಐದು ನಿಮಿಷ ಕಾಲು ಚಾಚುತ್ತೇನೆ ಎಂದು ಚಾಪೆಯ ಮೇಲೆ ಬಿದ್ದವನು ಗೊರಕೆ ಹೊಡೆದುಬಿಟ್ಟ. ಎದ್ದಾಗ ಬಿಸಿಲು ಇಳಿದಿತ್ತು. ಎದ್ದನೋ ಬಿದ್ದನೋ ಎಂದು ಸ್ಕೂಟರ್ ಹತ್ತಿ ಬಂದ.

ಬಂದು ನೋಡಿದರೆ ಡ್ರಮ್ಮು ಬಾಯಿಮಟ್ಟ ತುಂಬಿ ತುಳುಕುತ್ತಿದೆ. ಅದರ ಪಕ್ಕದಲ್ಲಿ ಸಾಲಾಗಿ ಬಿಂದಿಗೆ, ಬಕೆಟ್ಟು, ಕೊಡ. ಎಲ್ಲವೂ ತುಂಬಿವೆ. ಬೀದಿಯ ಹೆಂಗಸರು ಇಬ್ಬರು ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಹೋಗುತ್ತಿದ್ದಾರೆ. ಪುಟ್ಟರಾಜು ಹಲಗೆಯ ಮೇಲೆ ನಿಂತು ಗೆದ್ದ ಪೈಲ್ವಾನನ ಹಾಗೆ ನಗುತ್ತಿದ್ದ.

"ಎಪ್ಪತ್ತೈದು ಗ್ಯಾಲನ್ ಯಾವ್ ಲೆಕ್ಕ ಸಾ? ನಿಮ್ಮ ಡ್ರಮ್ಮು ಮಧ್ಯಾಹ್ನನೇ ತುಂಬೋಯ್ತು. ಹೆಚ್ಗೆ ಬಂದದ್ನ ಬೀದಿಗೆಲ್ಲ ಹಂಚಿದೀವಿ."

"ನಾನು ಎರಡು ಲೋಟ ಕುಡಿದೆ" ಎಂದ ಕಾಂತರಾಜು ಕುರ್ಚಿಯಿಂದಲೇ. "ಎಳನೀರಿನಂಗದೆ. ಶುದ್ಧ ನೀರು ಅಂದ್ರೆ ನಾಲ್ಗೆಗೆ ಗೊತ್ತಾಯ್ತದೆ ಸಾ. ಹೊಟ್ಟೆನೂ ಹಗೂರಾಗೋಯ್ತು."

ಕೇದಾರನ ಕಣ್ಣು ತುಂಬಿ ಬಂತು. ಇಂಥ ಜನ ಇರುವಾಗ ಹಾಸನ ಬಿಟ್ಟು ಹೋಗುವುದುಂಟೇ ಎಂದುಕೊಂಡ. ಆ ಸಂತೋಷದಲ್ಲೇ, ಸಾಹೇಬರು ನೀರಿನ ಶುದ್ಧಿ ಅಳೆಯಲು ಇಟ್ಟಿದ್ದ, ಪೆನ್ನಿನ ಗಾತ್ರದ ಮೀಟರನ್ನು ತಂದು ಡ್ರಮ್ಮಿಗೆ ಅದ್ದಿದ. ಶುದ್ಧ ನೀರಾದರೆ ಸೊನ್ನೆ, ಇಲ್ಲವೇ ಸೊನ್ನೆಯ ಅಕ್ಕಪಕ್ಕ ತೋರಿಸಬೇಕು. ಅದು ಏಳುನೂರು ದಾಟಿ ನಿಂತಿತು. ಒರೆಸಿ ಇನ್ನೊಮ್ಮೆ ಅದ್ದಿದ. ಅದೇ ಏಳುನೂರು ಚಿಲ್ಲರೆ. ನಲ್ಲಿಯ ನೀರಿಗೆ ಅದ್ದಿ ನೋಡಿದರೆ ಅದೇ ವಾಸಿ, ಐನೂರ ಐವತ್ತು.

ಕೇದಾರ ಪೈಪಿನ ಹಿಂದೆ ಹಿಂದೆ ಕೈ ಸವರಿಕೊಂಡು ಯಂತ್ರದವರೆಗೆ ಹೋದ. ಡ್ರಮ್ಮಿಗೆ ಬೀಳುತ್ತಿದ್ದದ್ದು ಕೊಳೆಯ ಪೈಪು.

"ಪುಟ್ಟರಾಜು, ಪೈಪು ಬದಲಾಯಿಸಿದ್ದು ಯಾರು?"

"ನಾನೇ ಕಣಪ್ಪ" ಎಂದರು ದೊಡ್ಡತಾಯಮ್ಮ, ಹೊಗಳಿಕೆಗೆ ಸಿದ್ಧರಾಗಿ ಮುಂದೆ ಬಂದು. "ನೀನು ಗಾಬ್ರೀಲಿ ಉಲ್ಟಾ ಮಡಗಿದ್ದೆ. ಒಂದ್ರಲ್ಲಿ ಜೋರಾಗಿ ಬತ್ತಾ ಅದೆ, ಒಂದ್ರಲ್ಲಿ ಇಷ್ಟಿಷ್ಟೇ ಬತ್ತಾ ಅದೆ. ರಾಗಿ ಹಿಟ್ಟು ಜರಡಿ ಹಿಡುದ್ರೆ ಹಿಟ್ಟು ಜಾಸ್ತಿ ಬತ್ತದೋ ತೌಡು ಜಾಸ್ತಿ ಬತ್ತದೋ? ನೀನೇ ಹೇಳು."

ಹಿಟ್ಟಿನ ಲೆಕ್ಕದಲ್ಲಿ ಆಕೆಯ ಮಾತು ನೂರಕ್ಕೆ ನೂರು ಸರಿ. ಈ ಯಂತ್ರವೊಂದು ಮಾತ್ರ, ಒಂದು ಪಾಲು ಹಿಟ್ಟಿಗೆ ನಾಲ್ಕು ಪಾಲು ತೌಡು ಕೊಡುವ ಜರಡಿ. ಬೆಳಿಗ್ಗೆ ತನ್ನ ತೊಡೆ ನಡುಗಿಸಿ ತುಂಬಿಸಿದ್ದ ಕಾಲು ಡ್ರಮ್ಮು ನೀರೂ ಈ ಕೊಳೆಯಲ್ಲಿ ಸೇರಿಹೋಗಿತ್ತು. ಅವನು ಅಲ್ಲೇ ಪಂಪಿನ ಹಲಗೆಯ ಮೇಲೆ ಕುಸಿದು ಕೂತ. ಕಣ್ಣ ಮುಂದೆ ರಾಮನಾಥಪುರದ ಬಸ್ಸು ಬಂದು ನಿಂತು, ಕಂಡಕ್ಟರ್ ಬಾಗಿಲು ತೆಗೆದು ಕರೆದಂತೆ ಆಯಿತು.

"ಆ ಇನ್ನೊಂದು ಪೈಪಿನ ನೀರು?" ಎಂದು ಸಣ್ಣ ದನಿಯಲ್ಲಿ ಕೇಳಿದ. "ಚರಂಡಿಗೆ ಹೋಯ್ತಾ?"

"ಚರಂಡಿಗೆ ಬಿಡೋಕೆ ಈ ಕಾಂತರಾಜು ಎಲ್ಲಿ ಬುಟ್ಟ? ನಮ್ಮನೆ ಮುಂದೆ ಕೆಸರಾಯ್ತದೆ ಅಂತ ಜಗಳಕ್ಕೇ ಬಂದ. ಗಿಡಕ್ಕೆ ಬುಟ್ರೆ ಗಿಡ ಸತ್ತೋದಾವು ಅಂತ ನಮ್ಮ ಮದುವೆಮನೆ ಸ್ಟೀಲು ಕೊಳಗಕ್ಕೆ ಹಿಡಿದು ಮುಚ್ಚಿಟ್ಟಿವ್ನಿ. ಮುಟ್ಟೀಯ ಮತ್ತೆ, ವಿಷ ಕಣಪ್ಪ ಅದು. ಕತ್ತಲಾದ್ಮ್ಯಾಲೆ ದೂರ ತಗಂಡೋಗಿ ಚೆಲ್ಲಬೇಕು" ಎಂದರು ದೊಡ್ಡತಾಯಮ್ಮ.

ಕೇದಾರ ಓಡಿದ. ಪುಟ್ಟರಾಜುವಿನ ಹಿತ್ತಲಲ್ಲಿ ಗೋಣಿತಾಟು ಮುಚ್ಚಿ, ಮೇಲೊಂದು ಕಲ್ಲು ಹೇರಿದ್ದ ಕೊಳಗ ಕಂಡಿತು. ಕಲ್ಲು ಸರಿಸಿ ಮೀಟರ್ ಅದ್ದಿದ. ಸೊನ್ನೆ. ಅವನು ಆ ಕೊಳಗವನ್ನು ತಬ್ಬಿಕೊಂಡ. ಬೊಗಸೆಯಲ್ಲಿ ಮೊಗೆದು ಕುಡಿದೂಬಿಟ್ಟ. ದೊಡ್ಡತಾಯಮ್ಮ ಹಿಂದಿನಿಂದ, "ಲೇ ಪುಟ್ಟರಾಜು, ಬ್ಯಾಂಕ್ನೋರು ವಿಷ ಕುಡುದ್ಬುಟ್ರು ಕಣ್ಲಾ" ಎಂದು ಕೂಗಿಕೊಂಡರು.

ಕೊಳಗದಲ್ಲಿ ಎಪ್ಪತ್ತು ಲೀಟರ್ ಇದ್ದೀತು. ಇನ್ನೂ ಒಂದು ಬಕೆಟ್ ಇರಬೇಕಿತ್ತು. ಅದರಲ್ಲಿ ಕಾಂತರಾಜು ತನ್ನ ಸ್ಕೂಟರ್ ತೊಳೆದಿದ್ದ. ಹೇಗೂ ಚೆಲ್ಲುವ ನೀರು ತಾನೇ ಎಂದು. ಆ ಸ್ಕೂಟರ್ ಒಂದು ಕಲೆ ಇಲ್ಲದೆ ಶೋರೂಮಿನಿಂದ ಬಂದದ್ದರ ಹಾಗೆ ಹೊಳೆಯುತ್ತಿತ್ತು. ತಾನು ಎಳನೀರು ಎಂದು ಹೊಗಳಿ ಕುಡಿದದ್ದು ಯಾವುದು ಎಂದು ತಿಳಿದ ಮೇಲೆ ಕಾಂತರಾಜು ಓಡಿ ಹೋಗಿ ಬಾಯಿ ಮುಕ್ಕಳಿಸಿದ. ಹಗುರಾಗಿದ್ದ ಅವನ ಹೊಟ್ಟೆ ಥಟ್ಟನೆ ಭಾರವಾಯಿತಂತೆ.

ಅಷ್ಟರಲ್ಲಿ ಕೇದಾರನ ಮೊಬೈಲು ಕೂಗಿತು. ಸಾಹೇಬರು.

"ಕೇದಾರ್, ಘಾಟಿ ಹತ್ತಾಯ್ತು ಕಣ್ರೀ. ಸಕಲೇಶಪುರದಲ್ಲಿ ಕಾಫಿ ಕುಡಿತಾ ಇದೀವಿ. ನಮ್ಮೋಳ ಅಕ್ಕನ ಮನೆ ಇಲ್ಲೇ ಅದೆ, ಹೋಗಿ ಮುಖ ತೋರಿಸಿ ಬಂದ್ಬುಡ್ತೀವಿ. ನೀರು ಬದಲಾಯಿಸಿದ್ದು ಆಯ್ತಾ?"

"ಆಗ್ತಾ ಇದೆ ಸಾರ್" ಎಂದ ಕೇದಾರ. ಸುಳ್ಳೇನಲ್ಲ.

ಅಕ್ಕನ ಮನೆಯವರು ಊಟಕ್ಕೆ ನಿಲ್ಲಿಸಿಕೊಳ್ಳಲಿ ಎಂದು ಹೊಳೆನರಸೀಪುರದ ನರಸಿಂಹಸ್ವಾಮಿಗೆ ಮನಸ್ಸಿನಲ್ಲೇ ಹರಕೆ ಹೊತ್ತು, ಪ್ಯಾಂಟು ಮಂಡಿಯವರೆಗೆ ಮಡಚಿ ಹಲಗೆ ಹತ್ತಿದ. ಇನ್ನೂ ಮೂವತ್ತು ಲೀಟರ್ ಬೇಕು. ತಪ್ಪು ಮಾಡಿದ ಬೀದಿ ಈಗ ಪ್ರಾಯಶ್ಚಿತ್ತಕ್ಕೆ ನಿಂತಿತು. ಪುಟ್ಟರಾಜು ಒಂದು ಸರದಿ, ಕೇದಾರ ಒಂದು ಸರದಿ. ಕುರ್ಚಿ ಬಿಟ್ಟು ಏಳದ ಕಾಂತರಾಜು ಪಂಚೆ ಎತ್ತಿ ಕಟ್ಟಿ ತಾನೂ ತುಳಿದ. ಬಿಂದಿಗೆ ಒಯ್ದಿದ್ದ ಹೆಂಗಸರು ಮರಳಿ ಬಂದು ಬಿಸಿನೀರು ಬೆರೆಸಿಕೊಟ್ಟರು. ದೊಡ್ಡತಾಯಮ್ಮ ಕುರ್ಚಿಯಲ್ಲಿ ಕೂತು ಮುಳ್ಳು ನೋಡಿದರು. ಆಕೆಗೆ ಅಂಕಿ ಓದಲು ಬಾರದು. ಆದರೆ ಮುಳ್ಳು ಎಲ್ಲಿರಬೇಕು ಎಂದು ಗಾಜಿನ ಮೇಲೆ ಕುಂಕುಮದ ಬೊಟ್ಟಿಟ್ಟುಕೊಂಡು, ಅದಕ್ಕಿಂತ ಇಷ್ಟು ಇಳಿದರೂ, "ತುಳೀರ್ಲಾ, ಉಂಡಿಲ್ವಾ?" ಎಂದು ಗದರಿಸಿದರು. ಆ ಗದರಿಕೆಗೆ ಮುಳ್ಳು ಬೊಟ್ಟನ್ನೂ ದಾಟಿ ಎಂಬತ್ತರ ಕಡೆಗೆ ಹೋಯಿತು. ನೀರು ಪೈಪಿನಿಂದ ಸುಯ್ಯೆಂದು ಬಂತು.

ಬೀದಿ ದೀಪ ಹತ್ತುವ ಹೊತ್ತಿಗೆ ನೂರು ಲೀಟರ್ ಮುಗಿಯಿತು. ಪ್ರತಿ ಪಾತ್ರೆಗೂ ಮೀಟರ್ ಅದ್ದಿ ಸೊನ್ನೆ ನೋಡಿಯೇ ಕೇದಾರ ಉಪ್ಪು ಹಾಕಿದ. ಸಾಹೇಬರು ಹೇಳಿಕೊಟ್ಟ ಹಾಗೆ ಅಳೆದು ಕದಡಿದ, ಬೆಚ್ಚಗೆ ಮಾಡಿದ, ತೊಟ್ಟಿಯ ಹಳೆಯ ನೀರು ತೆಗೆದು, ಹೊಸದನ್ನು ಲೋಟಲೋಟವಾಗಿ ಎಂಬಂತೆ ನಿಧಾನವಾಗಿ ಬಿಟ್ಟ. ಬೀದಿಗೆ ಬೀದಿಯೇ ಹಾಲಿನಲ್ಲಿ ಚಪ್ಪಲಿ ಬಿಟ್ಟು ನಿಂತು ನೋಡಿತು. ಮುದುಡಿ ಕೂತಿದ್ದ ಹವಳ ಸ್ವಲ್ಪ ಸ್ವಲ್ಪವೇ ಅರಳಿ, ನೀಲಿ ದೀಪದ ಕೆಳಗೆ ಹಸಿರು, ನೇರಳೆ ಬಣ್ಣ ಬಿಟ್ಟಿತು. ಮೀನುಗಳು ಅದರೊಳಗೆ ನುಗ್ಗಿ ಈಚೆ ಬಂದು ಆಡಿದವು. ಯಾರೋ ಚಪ್ಪಾಳೆ ತಟ್ಟಿದರು. ಕೇದಾರನಿಗೆ ತನ್ನ ಮದುವೆಯಲ್ಲೂ ಇಷ್ಟು ಸಂತೋಷವಾಗಿರಲಿಲ್ಲ. ಇದನ್ನು ಅವನು ಶ್ರೀಗೌರಿಗೆ ಹೇಳಲಿಲ್ಲ.

ಗೇಟಿನ ಸದ್ದಾಯಿತು. ಪಾಲಾಕ್ಷ ಅವರು ಪ್ರಸಾದದ ಚೀಲ ಹಿಡಿದುಕೊಂಡೇ ನೇರವಾಗಿ ತೊಟ್ಟಿಯ ಮುಂದೆ ಬಂದು ನಿಂತರು. ಬಗ್ಗಿ ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಮೀಟರ್ ತೆಗೆದು ಪಾತ್ರೆಯಲ್ಲಿ ಉಳಿದಿದ್ದ ಶುದ್ಧ ನೀರಿಗೆ ಅದ್ದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಾನೇ ಮಾಡಿದ್ರೂ ಸೊನ್ನೆ ಬರ್ತಿರ್ಲಿಲ್ಲ ಕಣ್ರೀ. ಹವಳ ಈ ಪಾಟಿ ಅರಳಿದ್ದ ನಾನು ಮನೇಲಿ ನೋಡೇ ಇಲ್ಲ. ಹೆಂಗ್ ಮಾಡಿದ್ರಿ?"

"ಕಾಲಲ್ಲಿ ತುಳಿದು ಮಾಡವ್ರೆ ಸಾ" ಎಂದ ಪುಟ್ಟರಾಜು, ಕೇದಾರ ಬಾಯಿ ತೆಗೆಯುವ ಮೊದಲೇ. ಪಂಪಿನ ಕತೆ, ಬಿಸಿನೀರಿನ ಕತೆ ಎಲ್ಲವನ್ನೂ ಹೇಳಿದ. ಜರಡಿಯ ಕತೆಯನ್ನು ಮಾತ್ರ ನುಂಗಿಕೊಂಡ. "ಬೆಳಿಗ್ಗೆಯಿಂದ ಈ ಮನುಷ್ಯ ಪಟ್ಟಿರೋ ಪಾಡು ಆ ದೇವ್ರಿಗೇ ಗೊತ್ತು ಸಾ. ಸ್ವಂತ ಮಕ್ಕಳಿಗೂ ಯಾರೂ ಹಿಂಗ್ ಮಾಡಾಕಿಲ್ಲ."

ಪಾಲಾಕ್ಷ ಅವರ ಕಣ್ಣಲ್ಲಿ ನೀರು ಬಂತು. ಪ್ರಸಾದದ ಚೀಲವನ್ನು ಹೆಂಡತಿಗೆ ಕೊಟ್ಟು, ಕೇದಾರನ ಎರಡೂ ಕೈ ಹಿಡಿದುಕೊಂಡರು.

"ಕೇದಾರ್, ಧರ್ಮಸ್ಥಳದಲ್ಲಿ ನಿಂತ್ಕೊಂಡು ಇದನ್ನೇ ಯೋಚ್ನೆ ಮಾಡ್ತಿದ್ದೆ. ನೀವೋ ಜಯಂತೋ ಅಂತ ಮನ್ಸು ಒಂದ್ಕಡೆ ನಿಲ್ತಿರ್ಲಿಲ್ಲ. ಇವತ್ತು ನಿಂತ್ಬುಡ್ತು."

ಕಾಂತರಾಜು, ಪುಟ್ಟರಾಜು, ದೊಡ್ಡತಾಯಮ್ಮ, ಎಲ್ಲರೂ ತಮ್ಮದೇ ಫಲಿತಾಂಶ ಎಂಬಂತೆ ಮುಂದಕ್ಕೆ ಬಗ್ಗಿದರು.

"ಆಫೀಸಲ್ಲಿ ಇನ್ನೂ ಯಾರ್ಗೂ ಹೇಳಿಲ್ಲ. ರಾಮನಾಥಪುರದ ಶಾಖೆಗೆ ಮ್ಯಾನೇಜರ್ ಮಾಡಿ ನನ್ನನ್ನೇ ಹಾಕವ್ರೆ. ಮೂರ್ ವರ್ಷ. ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ. ಹೋಗೋದು ಹೋಗ್ಲಿ, ಈ ತೊಟ್ಟಿ ಬಿಟ್ಟು ನಾನ್ ಇರೋಕಾಗಲ್ಲ, ಇದನ್ನೂ ಅಲ್ಲಿಗೇ ಸಾಗಿಸ್ತೀನಿ. ಜೊತೆಗೊಬ್ಬ ಗುಮಾಸ್ತನ್ನ ನೀವೇ ಆರಿಸ್ಕೊಂಡು ಕರ್ಕೊಂಡೋಗಿ ಅಂತ ಮೇಲ್ನೋರು ಹೇಳವ್ರೆ. ಜಯಂತ್‌ಗೆ ಮೀನಿನ ವಾಸ್ನೆನೇ ಆಗಲ್ಲವಂತೆ, ಅವ್ನು ಇಲ್ಲೇ ಹಾಸನದಲ್ಲೇ ಇರ್ಲಿ. ನೀವು ಈ ನೀರು ಕೆಡಿಸಿದ್ದಿದ್ರೆ ಬೇರೆ ಮಾತು. ಈಗ ನಿಮ್ಮನ್ನ ಬಿಟ್ಟು ಹೋಗೋಕೆ ನನಗೇನು ಹುಚ್ಚಾ?"

ಬೀದಿಯವರಿಗೆ ಇದರಲ್ಲಿ ಅರ್ಥವಾದದ್ದು, ದೊಡ್ಡ ಸಾಹೇಬರು ಚಿಕ್ಕ ಸಾಹೇಬರನ್ನು ಎಲ್ಲರ ಮುಂದೆ ಮೆಚ್ಚಿ ಆರಿಸಿಕೊಂಡರು ಎಂಬುದು. ಮತ್ತೆ ಚಪ್ಪಾಳೆ ಬಿತ್ತು. ಪುಟ್ಟರಾಜು ಕೇದಾರನ ಬೆನ್ನಿಗೆ ಗುದ್ದಿ, "ಗೆದ್ಬುಟ್ರಿ ಸಾ" ಎಂದ.

ಆಗಲೇ ಶ್ರೀಗೌರಿಯ ಫೋನು ಬಂತು. ಕೇದಾರ ಅಂಗಳಕ್ಕೆ ಬಂದು ಕಿವಿಗಿಟ್ಟುಕೊಂಡ. ಒಳಗಿನ ಗದ್ದಲ ಅವಳಿಗೂ ಕೇಳಿಸುತ್ತಿತ್ತು.

"ಏನ್ರೀ ಅದು ಚಪ್ಪಾಳೆ? ಸಾಹೇಬ್ರು ಬಂದ್ರಾ? ತೊಟ್ಟಿ ನೋಡಿದ್ರಾ?"

"ನೋಡಿದ್ರು."

"ಇಷ್ಟ ಆಯ್ತಾ ಅವರಿಗೆ?"

ಕೇದಾರ ಮೆಟ್ಟಿಲ ಮೇಲೆ ನಿಧಾನವಾಗಿ ಕೂತ.

"ಇನ್ನೊಂಚೂರು ಕಡಿಮೆ ಇಷ್ಟ ಆಗಿದ್ರೆ ಚೆನ್ನಾಗಿತ್ತು ಕಣೇ" ಎಂದ.